ಐದು ನಿಮಿಷ ಒದ್ದೆ ಇರಲಿ ಬಿಡಿ

ಮೊನ್ನೆ ವಾಂತಿ-ಭೇದಿ ಅಂತ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಪಕ್ಕದ ಮಂಚ ಆಗಷ್ಟೇ ಖಾಲಿಯಾಗಿತ್ತು. ಕ್ಲೀನಿಂಗ್ ಅಕ್ಕ ಬಂದು ಕಂಬಿಗೆ ಚುಸ್ ಚುಸ್ ಅಂತ ಔಷಧಿ ಹೊಡೆದರು. ಅದು ಕೆಳಗೆ ಇಳಿಯುವ ಮೊದಲೇ ಒರೆಸಿಬಿಟ್ಟರು. ಅದೇ ಬಟ್ಟೆ ಡ್ರಿಪ್ ಸ್ಟ್ಯಾಂಡಿಗೆ, ಅದೇ ಬಟ್ಟೆ ಊಟ ಇಡುವ ಮೇಜಿಗೆ. ಹಿಂದೆಯೇ ಹೊಸ ಪೇಷಂಟ್ ಬಂದು ಮಲಗಿದರು.

"ಅಕ್ಕಾ, ಸ್ವಲ್ಪ ಹೊತ್ತು ಹಾಗೇ ಬಿಡಬೇಕಲ್ವಾ?" ಅಂದೆ.

"ಹದಿನೆಂಟು ಮಂಚ ಇದೆ ಮೇಡಂ. ನಿಂತರೆ ಸೂಪರ್‌ವೈಸರ್ ಬಯ್ತಾರೆ."

ಕೈಗೆ ಗ್ಲೌಸ್ ಇರಲಿಲ್ಲ. ಬೆರಳ ಸಂದಿಯೆಲ್ಲ ಬಿರಿದು ಬೆಳ್ಳಗಾಗಿತ್ತು.

ನನಗೆ ಸಿಟ್ಟು ಬಂದದ್ದು ಆಕೆಯ ಮೇಲಲ್ಲ. ವಾಂತಿ-ಭೇದಿ ಹರಡುವ ನೊರೋವೈರಸ್ ಗಟ್ಟಿ ಜೀವ. ಮೇಜು, ಕಂಬಿಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ. ನೂರಕ್ಕಿಂತ ಕಡಿಮೆ ಕಣ ಸಾಕು, ಇನ್ನೊಬ್ಬರು ಮಲಗುತ್ತಾರೆ. ಸ್ಯಾನಿಟೈಸರ್‌ಗೂ ಅದು ಸರಿಯಾಗಿ ಬಗ್ಗಲ್ಲ, ಸೋಪು ಹಾಕಿಯೇ ಕೈ ತೊಳೆಯಬೇಕು. ಮಂಚಕ್ಕೆ ಬ್ಲೀಚ್ ನೀರೇ ಬೇಕು. ಅದಕ್ಕೂ ಮೊದಲು ಕೊಳೆ ತೆಗೆಯಬೇಕು, ಇಲ್ಲದಿದ್ದರೆ ಬ್ಲೀಚಿನ ಶಕ್ತಿಯೆಲ್ಲ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಆಮೇಲೆ ಕನಿಷ್ಠ ಐದು ನಿಮಿಷ ಒದ್ದೆಯಾಗಿ ಬಿಡಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದೂ ಇದನ್ನೇ. ಹೊಡೆದ ತಕ್ಷಣ ಒರೆಸಿದರೆ ವಾಸನೆ ಮಾತ್ರ ಉಳಿಯುತ್ತದೆ.

"ಮುಟ್ಟಿದರೆ ಬರಲ್ಲ ಅಂತ ಕೊರೋನಾ ಹೊತ್ತಲ್ಲೇ ಹೇಳಿದ್ರಲ್ಲ" ಅಂತ ತಮ್ಮ ವಾದಿಸಿದ. ನಿಜ, 2021ರ ಏಪ್ರಿಲ್‌ನಲ್ಲಿ ಅದೇ ಸಿಡಿಸಿ, ಹೀಗೆ ಮುಟ್ಟಿ ಸೋಂಕು ತಗಲುವುದು 10,000ಕ್ಕೆ ಒಂದು ಸಲಕ್ಕಿಂತ ಕಡಿಮೆ ಅಂದಿತ್ತು. ಆದರೆ ಅದು ಕೊರೋನಾದ ಮಾತು. ವಾರ್ಡಿಗೆ ಬರುವುದು ಅದೊಂದೇ ವೈರಸ್ಸಾ?

2020ರಲ್ಲಿ ನಾನು ಹಾಸ್ಟೆಲ್ ಒಂದರ ಕ್ವಾರಂಟೈನ್ ಡ್ಯೂಟಿಯಲ್ಲಿದ್ದದ್ದು ನಿಮಗೆಲ್ಲ ಗೊತ್ತು. ಇದು ಮಾತ್ರ ಯಾರಿಗೂ ಹೇಳಿಲ್ಲ. ಅಲ್ಲೊಬ್ಬರು ವಯಸ್ಸಾದ ಅಮ್ಮ ಮಂಚ, ಚಿಲಕಕ್ಕೆಲ್ಲ ಹೈಪೋ ನೀರು, ಅಂದರೆ ಇದೇ ಬ್ಲೀಚ್ ನೀರು ಹಚ್ಚಿ ಸುಮ್ನೆ ನಿಲ್ಲುತ್ತಿದ್ದರು. ಹೊರಗೆ ಬಸ್ಸಿನಲ್ಲಿ ಜನ ಕಾಯುತ್ತಿದ್ದರು. "ಏನು ನಿಂತಿದ್ದೀರಾ, ಬೇಗ ಒರೆಸಿ" ಅಂತ ಎಲ್ಲರೆದುರು ಕೂಗಿದೆ. ಅವರು ತಲೆ ತಗ್ಗಿಸಿ ಒರೆಸಿದರು. ಅವರು ಮಾಡುತ್ತಿದ್ದದ್ದೇ ಸರಿ ಇತ್ತು. ತಪ್ಪು ನನ್ನದು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಅದಕ್ಕೇ ಈ ಐದು ನಿಮಿಷದ ಮಾತನ್ನು ಬಿಡಲಾರೆ. ಔಷಧಿಗೆ ದುಡ್ಡು ಕೊಡುತ್ತಾರೆ, ಅದು ಕೆಲಸ ಮಾಡುವಷ್ಟು ಹೊತ್ತು ಕೊಡುವುದಿಲ್ಲ. ಮಂಚ ಬೇಗ ತುಂಬಬೇಕು, ಅಷ್ಟೇ.

ಇವತ್ತು ಬೆಳಿಗ್ಗೆ ಆಸ್ಪತ್ರೆಯವರಿಗೆ ಬರೆದು ಕೊಟ್ಟೆ. ಪ್ರತಿ ಮಂಚಕ್ಕೆ ಬೇರೆ ಬಟ್ಟೆ, ಕೈಗೆ ಗ್ಲೌಸ್, ವಾರ್ಡಿಗೆ ಇನ್ನೊಬ್ಬ ಕೆಲಸದವರು, ಒರೆಸುವ ಮುಂಚೆ ಐದು ನಿಮಿಷ. ಯಾರು ಒರೆಸಿದ್ದು ಅಂತ ಕೇಳಿದರು. ಆ ಅಕ್ಕನ ಹೆಸರು ನಾನು ಹೇಳಲಿಲ್ಲ.