ರೀಟಾ ಫರಿಯಾ ತ್ಯಾಗ ಮಾಡಿದರೆನ್ನುವುದು ಸರಿಯೇ?

ರೀಟಾ ಫರಿಯಾ ಅವರು ವೈದ್ಯವೃತ್ತಿಗಾಗಿ ಖ್ಯಾತಿಯನ್ನು ತ್ಯಾಗ ಮಾಡಿದರೆಂದು, ಅವರನ್ನು ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. 1966ರಲ್ಲಿ ಲಂಡನ್ನಿನಲ್ಲಿ ವಿಶ್ವಸುಂದರಿ (ಮಿಸ್ ವರ್ಲ್ಡ್) ಪಟ್ಟ ಗೆದ್ದ ಮೊದಲ ಏಷ್ಯನ್ ಮಹಿಳೆಯಾದ, ಗೋವಾ ಮೂಲದ ಈ ಮುಂಬಯಿಯ ತರುಣಿ ಆಗಲೇ ಜೆ.ಜೆ. ಆಸ್ಪತ್ರೆಯ ಆವರಣದಲ್ಲಿರುವ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದರು. ವರ್ಷದ ಅವಧಿ ಮುಗಿದೊಡನೆ ಮಾಡೆಲಿಂಗ್, ಸಿನಿಮಾ ಅವಕಾಶಗಳನ್ನು ನಿರಾಕರಿಸಿ ಅವರು ಮರಳಿದ್ದು ತಾವೇ ಮೊದಲು ಆರಿಸಿಕೊಂಡಿದ್ದ ದಾರಿಗೆ. ಮುಂದೆ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಓದಿ, 1971ರಲ್ಲಿ ವಿವಾಹವಾಗಿ, ಡಬ್ಲಿನ್‌ನಲ್ಲಿ ನೆಲೆಸಿದರು. ಗೆದ್ದ ವರ್ಷವೇ ಅಮೆರಿಕದ ಹಾಸ್ಯನಟ ಬಾಬ್ ಹೋಪ್ ತಂಡದೊಡನೆ, ಯುದ್ಧ ನಡೆಯುತ್ತಿದ್ದ ವಿಯೆಟ್ನಾಂಗೆ ಹೋಗಿ ಅಮೆರಿಕದ ಸೈನಿಕರೆದುರು ಕಾಣಿಸಿಕೊಂಡದ್ದಕ್ಕೆ ಸ್ವದೇಶದಲ್ಲಿ ಎದ್ದ ಟೀಕೆಯನ್ನು ಲೇಖನ ಪ್ರಸ್ತಾಪಿಸದಿರುವುದು ದೊಡ್ಡ ಕೊರತೆ. ಮಂಗಳೂರು ಮೂಲದವರೆಂಬ ಅಭಿಮಾನದಿಂದ ಇದೇ ಪಟ್ಟಕ್ಕೇರಿದ ಐಶ್ವರ್ಯಾ ರೈ ಅವರ 1994ರ ಗೆಲುವನ್ನು ಇಂದಿಗೂ ನೆನೆಯುವ ನಾವು ಮುಂಬಯಿ ಕನ್ನಡಿಗರು, ಇದೇ ಊರಿನಲ್ಲಿ ಓದಿದ ರೀಟಾ ಅವರನ್ನು (ಬಹುಶಃ ಅವರು ಬೆಳ್ಳಿತೆರೆಗೆ ಬರಲಿಲ್ಲವೆಂಬ ಕಾರಣಕ್ಕೇ) ಅಪರೂಪಕ್ಕೂ ಸ್ಮರಿಸುವುದಿಲ್ಲ.