ಕಾರಿಡಾರಿನಲ್ಲಿ ಘೀಳು

ಆನೆ ನೋಡೋಕೆ ಹೋಗೋದು ಬೇರೆ, ಆನೆಯ ಹೊಟ್ಟೆಯೊಳಗೇ ಹೋಗಿ ಮಲಗೋದು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಗೆಸ್ಟ್‌ಹೌಸ್ ಕಟ್ಟುವವರಿಗೂ ಗೊತ್ತಾಗಲ್ಲ ಅಂತ ಕಾಣುತ್ತೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು. ಗಾಜನೂರಿನ ಹತ್ತಿರ ತುಂಗೆಗೆ ಅಣೆಕಟ್ಟು ಕಟ್ಟಿದ್ದಾರಲ್ಲ, ಅದರ ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರ ಇದೆ. ಬೆಳಿಗ್ಗೆ ಎಂಟೂವರೆ ಸುಮಾರಿಗೆ ಹೋದರೆ ಆನೆಗಳು ನೀರಿಗಿಳಿಯೋದನ್ನು ನೋಡಬಹುದು. ಹನ್ನೊಂದರ ಹೊತ್ತಿಗೆ ಎಲ್ಲ ಮುಗಿಯುತ್ತೆ. ಅಷ್ಟಕ್ಕೆ ಶಿವಮೊಗ್ಗದಲ್ಲೇ ಒಂದು ಸಾದಾ ಲಾಡ್ಜಿನಲ್ಲಿ ಉಳಿದರೆ ಆಗುತ್ತಿತ್ತು. ಆದರೆ ಮಗಳು ಅಪ್ಪನ ಫೋನಿನಲ್ಲಿ ಇನ್ನೇನೋ ಹುಡುಕಿ ಇಟ್ಟಿದ್ದಳು. ‘ಆನೆ ಥೀಮ್ ಗೆಸ್ಟ್‌ಹೌಸ್. ಫ್ಯಾಮಿಲಿ ಫ್ರೆಂಡ್ಲಿ.’ ಮಂಚ ಆನೆ, ಕುರ್ಚಿ ಆನೆ, ನಲ್ಲಿ ಆನೆ. ರೂಮುಗಳಿಗೆ ಹೆಸರು ಬೇರೆ. ಗಜರಾಜ, ಮರಿಯಾನೆ, ಐರಾವತ.

“ಐರಾವತ ಬುಕ್ ಆಯ್ತು” ಅಂತ ನನ್ನ ಗಂಡ ಕೂಗಿದ್ದೇ ತಡ, ಒಳಗಿಂದ ಮಾವ ಬಂದರು. “ಎಷ್ಟು ಗಂಟೆಗೆ ಬಿಡುತ್ತೆ? ನನಗೆ ಕಿಟಕಿ ಪಕ್ಕ ಇರಲಿ” ಅಂದರು. ವೋಲ್ವೊ ಬಸ್ಸಲ್ಲ, ಮಲಗೋ ರೂಮು ಅಂತ ತಿಳಿಸಿ ಹೇಳುವಷ್ಟರಲ್ಲಿ ಅವರಿಗೆ ಅರ್ಧ ಉತ್ಸಾಹ ಇಳಿದುಹೋಗಿತ್ತು.

ಮಾವನ ಬಗ್ಗೆ ಎರಡು ಮಾತು ಹೇಳಬೇಕು. ಅವರು ರಿಟೈರ್ಡ್ ಜೀವಶಾಸ್ತ್ರ ಮೇಷ್ಟ್ರು. ರಿಟೈರ್ ಆಗಿದ್ದು ಸಂಬಳ ಮಾತ್ರ, ಪಾಠ ಇನ್ನೂ ನಡೀತಾ ಇದೆ. ಜೊತೆಗೆ ಶುಗರ್ ಇದೆ. ಅದರ ಉಸ್ತುವಾರಿ ಅತ್ತೆಯದು. ಮನೆಯಲ್ಲಿ ಬೆಲ್ಲದ ಡಬ್ಬ ಎಲ್ಲಿದೆ ಅಂತ ಅತ್ತೆಯನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ನಾನು ಪಾಯಸ ಮಾಡಬೇಕಾದರೂ ಅವರನ್ನೇ ಕೇಳಬೇಕು.

ಗೆಸ್ಟ್‌ಹೌಸಿನ ಗೇಟಿನಲ್ಲೇ ಪಾಠ ಶುರುವಾಯಿತು. ಅಲ್ಲಿ ಸಿಮೆಂಟಿನ ಆನೆ ಕುಟುಂಬ ನಿಂತಿತ್ತು. ಅಪ್ಪ, ಅಮ್ಮ, ಮರಿ. ಅಮ್ಮ ಆನೆಗೆ ತುಟಿಗೆ ಕೆಂಪು ಬಣ್ಣ, ರೆಪ್ಪೆಗೆ ಕಪ್ಪು ಕಡ್ಡಿ, ಮೇಲೆ ಒಂದು ಜೊತೆ ಉದ್ದ ದಂತ. ಮಾವ ಬ್ಯಾಗು ಕೆಳಗಿಟ್ಟರು. “ನಮ್ಮ ದೇಶದ ಹೆಣ್ಣಾನೆಗೆ ಹೀಗೆ ಹೊರಗೆ ಚಾಚಿದ ದಂತ ಇರೋದಿಲ್ಲ. ಗಂಡಿನಲ್ಲೂ ಎಲ್ಲದಕ್ಕೂ ಬರಲ್ಲ, ಬರದಿದ್ದರೆ ಅದನ್ನ ಮಕ್ನಾ ಅಂತಾರೆ” ಅಂದರು. ರಿಸೆಪ್ಷನ್ನಿನ ಹುಡುಗ ಬಹಳ ವಿನಯದಿಂದ ಕೇಳಿಸಿಕೊಂಡ. “ಹೌದು ಸಾರ್. ಅದು ಥೀಮ್” ಅಂದ.

ಆಮೇಲೆ ನಾವು ಏನು ಕೇಳಿದರೂ ಅವನ ಹತ್ತಿರ ಅದೊಂದೇ ಉತ್ತರ. ಕಾರಿಡಾರಿನ ಗೋಡೆ ತುಂಬ ಜಿರಾಫೆ, ಜೀಬ್ರಾ, ಮೊರದಗಲ ಕಿವಿಯ ಆಫ್ರಿಕಾ ಆನೆಗಳು. ತುಂಗೆ ತೀರಕ್ಕೆ ಇವೆಲ್ಲ ಯಾವಾಗ ಬಂದವು ಅಂತ ಮಾವ ಕೇಳಿದರು. ಥೀಮ್. ಬಚ್ಚಲಿನ ನಲ್ಲಿ ಸೊಂಡಿಲಿನ ಆಕಾರದಲ್ಲಿತ್ತು. ಸರಿ, ಚೆನ್ನಾಗಿದೆ. ಆದರೆ ಸೊಂಡಿಲು ಮೇಲಕ್ಕೆ ಎತ್ತಿತ್ತು. ತಿರುಗಿಸಿದ ಕೂಡಲೇ ನೀರು ಬಕೆಟ್ಟನ್ನು ಬಿಟ್ಟು ನೇರ ಬಾಗಿಲಿಗೆ ಹೊಡೆಯಿತು. ಬಾಗಿಲ ಹಿಂದೆ ಒಣಗಿದ ಬಟ್ಟೆ ನೇತುಹಾಕಿದ್ದೆ. ಬಟ್ಟೆ ಹಿಂಡುತ್ತಾ ಹೋಗಿ ಕೇಳಿದರೆ, “ಸೊಂಡಿಲು ಎತ್ತಿದ್ದರೆ ಶುಭ ಮೇಡಂ” ಅಂದ. ಇದು ಬಹುಶಃ ಥೀಮಿನ ಉಪವಿಭಾಗ.

ಮಂಚದ ವಿಷಯಕ್ಕೆ ಬರೋಣ. ಐರಾವತ ರೂಮಿನದು ಅಂಬಾರಿ ಮಂಚ. ನಾಲ್ಕು ದಪ್ಪ ಆನೆಕಾಲು, ಉಗುರಿಗೆ ಹೊಳೆಯುವ ಗುಲಾಬಿ ಬಣ್ಣ, ಮೇಲೆ ಮಂಟಪ, ಸುತ್ತಲೂ ಜರಿ, ಜರಿಗೆ ಸಾಲಾಗಿ ಗೆಜ್ಜೆ. ಎತ್ತರ ನನ್ನ ಎದೆಮಟ್ಟ. ಹತ್ತೋಕೆ ಒಂದು ಪುಟ್ಟ ಏಣಿ. ಅತ್ತೆಗೆ ಮಂಡಿನೋವು. ಅವರನ್ನು ಕೆಳಗಿಂದ ಗಂಡ, ಮೇಲಿಂದ ನಾನು ಹಿಡಿದು ಹತ್ತಿಸಿದೆವು. ಮೈಸೂರಿನಲ್ಲಿ 750 ಕಿಲೋ ಚಿನ್ನದ ಅಂಬಾರಿಯನ್ನು ಆನೆ ಮೇಲೆ ಕೂರಿಸೋಕೆ ಕ್ರೇನ್ ಬಳಸ್ತಾರೆ. ಇಲ್ಲಿ ಆ ಸೌಲಭ್ಯ ಇರಲಿಲ್ಲ. ಹತ್ತಿಯಾದ ಮೇಲೆ ಅತ್ತೆ, “ಇನ್ನು ಬೆಳಿಗ್ಗೆ ತನಕ ನಾನು ಇಳಿಯಲ್ಲ. ಊಟ ಇಲ್ಲಿಗೇ ಕೊಡಿ” ಅಂದುಬಿಟ್ಟರು. ಮಗ್ಗುಲಾದರೆ ಗೆಜ್ಜೆ. ಕೆಮ್ಮಿದರೆ ಗೆಜ್ಜೆ. ಚಿಕ್ಕವನು ಸುಮ್ನೆ ಕಾಲು ಆಡಿಸಿದರೂ ಜಂಬೂಸವಾರಿ ಹೊರಟ ಹಾಗೆ ಆಗುತ್ತಿತ್ತು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೀತಿರಲಿಲ್ಲ. ನಿಜವಾದ ಕಥೆ ಇರೋದು ಕಾರಿಡಾರಿನಲ್ಲಿ.

ಕಾರಿಡಾರಿನ ನಡುವೆ ಗೋಡೆಗೆ ಫೈಬರಿನ ಒಂದು ಆನೆತಲೆ ಹಾಕಿದ್ದರು. ಅದರ ಹಣೆಯಲ್ಲಿ ಸೆನ್ಸಾರ್. ಯಾರಾದರೂ ಮುಂದೆ ಹಾದರೆ ಕಣ್ಣು ಕೆಂಪಾಗಿ ಹೊತ್ತಿಕೊಂಡು “ಪೋಂಂಂ” ಅಂತ ಘೀಳಿಡುತ್ತಿತ್ತು. ಹಗಲಲ್ಲಿ ಮಕ್ಕಳಿಗೆ ಅದೇ ಹಬ್ಬ. ಹೋಗೋದು, ಬರೋದು, ಪೋಂ. ರಾತ್ರಿ ಇದನ್ನು ಆರಿಸ್ತೀರಾ ಅಂತ ಕೇಳಿದೆ. ಸ್ವಿಚ್ಚು ಓನರ್ ಹತ್ತಿರ, ಓನರ್ ಊರಲ್ಲಿಲ್ಲ ಅಂತ ಗೊತ್ತಾಯಿತು.

ಕಾರಿಡಾರಿನ ಕೊನೆಯಲ್ಲಿ ಕುಡಿಯುವ ನೀರಿನ ಫಿಲ್ಟರ್. ಅದರ ಪಕ್ಕದ ಮೇಜಿನ ಮೇಲೆ ದೊಡ್ಡದೊಂದು ಗಾಜಿನ ಭರಣಿ. ಒಳಗೆ ಕಪ್ಪಗೆ, ದುಂಡಗೆ ಏನೋ ಉಂಡೆಗಳು. ಮೇಲೆ ಚೀಟಿ: ‘ಆನೆ ಲದ್ದಿ. ಮಕ್ಕಳಿಗೆ ಉಚಿತ.’ ಬೆಲ್ಲದ ಎಳ್ಳುಂಡೆ ಅಷ್ಟೇ. ಅದಕ್ಕೂ ಥೀಮ್ ಹತ್ತಿಸಿದ್ದರು. ಅತ್ತೆ ಹೆಸರು ಓದಿ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅದು ಎಳ್ಳುಂಡೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಮಾವ ಅಂತೂ ಹೇಳಲೇ ಇಲ್ಲ. ಆವತ್ತು ಅವರು ಬಾಯಿಮುಚ್ಚಿಕೊಂಡಿದ್ದ ವಿಷಯ ಅದೊಂದೇ.

ಮಲಗುವ ಮುಂಚೆ ಮಾವ ಮೊಮ್ಮಕ್ಕಳಿಗೆ ಆನೆಯ ಮೂಗಿನ ಬಗ್ಗೆ ಪಾಠ ಮಾಡಿದರು. ಸೊಂಡಿಲಿನಲ್ಲಿ ಒಂದು ಮೂಳೆಯೂ ಇಲ್ಲ, ಪೂರ್ತಿ ಸ್ನಾಯು. ಆಫ್ರಿಕಾದ ಆನೆಯಲ್ಲಿ ವಾಸನೆ ಹಿಡಿಯುವ ಜೀನ್‌ಗಳು ಸುಮಾರು 2,000 ಇವೆ, ಮನುಷ್ಯನಲ್ಲಿ 400ರ ಆಸುಪಾಸು. “ಆನೆಯಿಂದ ಏನನ್ನೂ ಬಚ್ಚಿಡೋಕೆ ಆಗಲ್ಲ ಪುಟ್ಟಾ” ಅಂತ ಹೇಳಿ ದೀಪ ಆರಿಸಿದರು.

ಸ್ವಲ್ಪ ಹೊತ್ತಿಗೆ ಕಾರಿಡಾರಿನಲ್ಲಿ ಪೋಂ.

“ಯಾರು?” ಅಂತ ಅತ್ತೆ ಅಂಬಾರಿ ಮೇಲಿಂದ ಕೇಳಿದರು. ಗೆಜ್ಜೆ ಝಲ್ ಅಂತು.

“ನಾನೇ. ನೀರು ಕುಡಿಯೋಕೆ ಬಂದೆ” ಅಂತ ದೂರದಿಂದ ಮಾವನ ದನಿ.

ಅತ್ತೆಗೆ ಪಾಪ ಅನ್ನಿಸಿತು. ಶುಗರ್ ಇದ್ದವರಿಗೆ ದಾಹ ಜಾಸ್ತಿ ಅಲ್ವಾ. ವಾಪಸ್ ಬರುವಾಗ ಇನ್ನೊಂದು ಪೋಂ. ಅರ್ಧ ಗಂಟೆ ಬಿಟ್ಟು ಮತ್ತೆ ದಾಹ. ಹೋಗುವಾಗ ಪೋಂ, ಬರುವಾಗ ಪೋಂ. ಗಜರಾಜ ರೂಮಿನಿಂದ ಯಾರೋ ಗೋಡೆ ಕುಟ್ಟಿದರು. ಮರಿಯಾನೆ ರೂಮಿನಲ್ಲಿ ಮಗು ಅಳೋಕೆ ಶುರುಮಾಡಿತು. ರೂಮಿನಲ್ಲೇ ಬಾಟಲಿ ತುಂಬಿ ಇಟ್ಟಿದ್ದೆ. ತೋರಿಸಿದರೆ, “ಅದು ಬೆಚ್ಚಗಿದೆ” ಅಂದರು.

ನನ್ನ ಗಂಡ ಇಂಜಿನಿಯರ್. ಅಪ್ಪನ ಕಷ್ಟ ನೋಡಲಾರದೆ ಪರಿಹಾರ ಹುಡುಕಿದ. ಆ ಸೆನ್ಸಾರ್ ಗುರುತಿಸೋದು ಮೈಯ ಬಿಸಿ ಅಲುಗಾಡೋದನ್ನು. ಬಿಸಿ ಹೊರಗೆ ಕಾಣದ ಹಾಗೆ ದಪ್ಪ ಹೊದಿಕೆ ಹೊದ್ದು, ಗೋಡೆಗೆ ಒತ್ತಿಕೊಂಡು ನಿಧಾನಕ್ಕೆ ಹೋದರೆ ಅದಕ್ಕೆ ಗೊತ್ತಾಗೋದು ಕಷ್ಟ ಅಂದ. ಮಾವನಿಗೆ ತುಂಬಾ ಹಿಡಿಸಿತು. ಬಿಳಿ ಹೊದಿಕೆಯನ್ನು ತಲೆ ತುಂಬ ಹೊದ್ದು, ಕಣ್ಣಿಗಷ್ಟು ಜಾಗ ಬಿಟ್ಟು, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಹೊರಟರು. ನಾವು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಆನೆ ಸುಮ್ಮನಿತ್ತು! ಗಂಡ ಮುಷ್ಟಿ ಬಿಗಿದು ಕುಣಿದ. ಅಷ್ಟರಲ್ಲಿ ಮರಿಯಾನೆ ರೂಮಿನ ಬಾಗಿಲು ತೆರೆಯಿತು. ಅಳುವ ಮಗುವನ್ನು ಎತ್ತಿಕೊಂಡು ಅದರ ತಾಯಿ ಹೊರಗೆ ಬಂದಳು. ಮಂದ ಬೆಳಕಿನಲ್ಲಿ, ಗೋಡೆಗೆ ಅಂಟಿಕೊಂಡು, ಬಿಳೀ ಬಟ್ಟೆಯಲ್ಲಿ ತೇಲಿಕೊಂಡು ಬರುತ್ತಿದ್ದ ನಮ್ಮ ಮಾವ.

ಆಕೆ ಕಿರುಚಿದ ರೀತಿಗೆ ಆನೆಯ ಪೋಂ ಏನೂ ಅಲ್ಲ. ಮಗು ಮಾತ್ರ ಥಟ್ಟನೆ ಅಳು ನಿಲ್ಲಿಸಿ ನಕ್ಕಿತು. ಎಲ್ಲ ರೂಮಿನ ದೀಪ ಹೊತ್ತಿಕೊಂಡಿತು. ಕ್ಷಮೆ ಕೇಳೋಕೆ ಎಲ್ಲರೂ ಹೊರಗೆ ಬಂದೆವು. ಕ್ಷಮೆ ಕೇಳುವಷ್ಟು ಹೊತ್ತೂ ಆನೆ ಘೀಳಿಡುತ್ತಲೇ ಇತ್ತು. ಆನೆಗಳು ದಿನಕ್ಕೆ ಕೆಲವೇ ಗಂಟೆ ಮಲಗ್ತವೆ ಅಂತ ಮಾವ ಸಂಜೆ ಹೇಳಿದ್ದರು. ಆ ರಾತ್ರಿ ಆ ಕಟ್ಟಡದಲ್ಲಿ ಯಾರೂ ಆನೆಗಿಂತ ಜಾಸ್ತಿ ಮಲಗಲಿಲ್ಲ.

ಬೆಳಿಗ್ಗೆ ಹೊರಡುವಾಗ ನೋಡಿದರೆ ಕಾರಿಡಾರಿನ ಉದ್ದಕ್ಕೂ ಇರುವೆ ಸಾಲು. ಭರಣಿ ಮುಕ್ಕಾಲು ಖಾಲಿ. “ಮಂಗಗಳ ಕಾಟ” ಅಂತ ರಿಸೆಪ್ಷನ್ನಿನ ಹುಡುಗ ಬೇಜಾರು ಮಾಡಿಕೊಂಡ. ಮಾವ, “ಹೌದು, ಮಲೆನಾಡಿನಲ್ಲಿ ಮಂಗ ಜಾಸ್ತಿ” ಅಂದರು.

ಬಿಡಾರಕ್ಕೆ ಹೋಗುವ ಹೊತ್ತಿಗೆ ಆನೆಗಳು ಒಂದೊಂದಾಗಿ ನೀರಿಗೆ ಇಳಿಯುತ್ತಿದ್ದವು. ಈ ಆನೆಗಳು ರಾತ್ರಿ ಕಾಡಿನಲ್ಲಿ ಮೇಯ್ತವೆ. ಕಾಲಿಗೆ ಉದ್ದ ಸರಪಳಿ ಇರುತ್ತೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ಸರಪಳಿ ನೆಲದ ಮೇಲೆ ಎಳೆದ ಗುರುತು ಹಿಡಿದುಕೊಂಡು ಹೋಗಿ, ತಮ್ಮ ತಮ್ಮ ಆನೆಯನ್ನು ಹುಡುಕಿ ಕರೆದುಕೊಂಡು ಬರ್ತಾರೆ. ಮಾವುತರೊಬ್ಬರು ಇದನ್ನು ಹೇಳುತ್ತಿದ್ದಾಗ ನನಗೆ ಯಾಕೋ ಇರುವೆ ಸಾಲು ನೆನಪಾಯಿತು. ಅಲ್ಲಿಗೇ ಬಿಟ್ಟೆ.

ಒಂದು ದೊಡ್ಡ ಹೆಣ್ಣಾನೆ “ಬೈಟ್” ಅಂದ ತಕ್ಷಣ ಕೂತು, ಆಮೇಲೆ ಮಗ್ಗುಲಾಗಿ ನೀರಿನಲ್ಲಿ ಮಲಗಿತು. ಮಾವುತ ಅದರ ಪಕ್ಕೆ ಮೇಲೆ ಹತ್ತಿ ಗಸಗಸ ಉಜ್ಜತೊಡಗಿದ. ಸೊಂಡಿಲಿನ ತುದಿಯೊಂದು ನೀರಿನ ಮೇಲೆ ಅಲ್ಲಾಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಲಿಪ್‌ಸ್ಟಿಕ್ ಇಲ್ಲ, ಗೆಜ್ಜೆ ಇಲ್ಲ, ಉಗುರಿಗೆ ಬಣ್ಣ ಇಲ್ಲ. ಹಣೆ ಮೇಲೆ, ಕಿವಿಯ ಅಂಚಿನಲ್ಲಿ ತಿಳಿಗುಲಾಬಿ ಮಚ್ಚೆ, ಮೈತುಂಬ ಒರಟು ಕೂದಲು. ನಾನು ಬಾಯಿ ತೆರೆದು ನೋಡುತ್ತಾ ನಿಂತೆ. ಚಿಕ್ಕವನಿಗೆ ಸಮಾಧಾನ ಇಲ್ಲ. “ಇದು ಯಾಕೆ ಪೋಂ ಅನ್ನಲ್ಲ? ಇದು ಕೆಟ್ಟುಹೋಗಿದೆಯಾ?” ಅಂದ.

ಆನೆಗಳು ಎಷ್ಟೋ ಮಾತು ಆಡೋದು ತೀರಾ ಕೆಳದನಿಯಲ್ಲಿ, 20 ಹರ್ಟ್ಸ್‌ಗಿಂತ ಕೆಳಗಿನದು ನಮ್ಮ ಕಿವಿಗೆ ಬೀಳೋದೇ ಇಲ್ಲ ಅಂತ ಮಾವ ವಿವರಿಸಿದರು. ಅವನು ನಂಬಲಿಲ್ಲ. ಗೆಸ್ಟ್‌ಹೌಸಿನದೇ ಒರಿಜಿನಲ್ ಆನೆ ಅಂತ ತೀರ್ಮಾನ ಮಾಡಿಬಿಟ್ಟ. “ಬೈಟ್” ಅನ್ನೋದನ್ನು ಮಾತ್ರ ಕಲಿತು, ಅದನ್ನು ಅಜ್ಜಿ ಮೇಲೆ ಪ್ರಯೋಗಿಸಿದ. ಮಂಡಿನೋವಿನ ಅಜ್ಜಿಗೆ ಕಲ್ಲುಬೆಂಚು ಸಿಕ್ಕಿದ್ದೇ ಸಾಕಾಗಿತ್ತು, ತಕ್ಷಣ ಕೂತರು. ಅವನಿಗೆ ಭಾರಿ ಖುಷಿ.

ದಡದಲ್ಲಿ ಒಂದು ಮರಿಯಾನೆ ಇತ್ತು. ಮಾವುತ ಅದರ ಕಿವಿ ಹಿಡಿದು ನಿಂತಿದ್ದ. ಮಾವ ಹತ್ತಿರ ಹೋಗಿ ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು ಅಂತ ಮೊಮ್ಮಗಳಿಗೆ ಎಣಿಸಿ ತೋರಿಸುತ್ತಿದ್ದರು. ಮರಿ ಸೊಂಡಿಲು ಚಾಚಿತು. ಮೊದಲು ಮಾವನ ಕೈ ಮೂಸಿತು. ಆಮೇಲೆ ಮೀಸೆ. ಆಮೇಲೆ ನೇರವಾಗಿ ಜುಬ್ಬಾದ ಬಲಗಡೆ ಜೇಬಿಗೆ ಇಳಿಯಿತು. ಮಾವ ಹಿಂದೆ ಸರಿದರು. ಸೊಂಡಿಲೂ ಹಿಂದೆಯೇ ಬಂತು. ಎಡಕ್ಕೆ ತಿರುಗಿದರು, ಅದೂ ತಿರುಗಿತು.

“ಸಾರ್, ಜೇಬಲ್ಲಿ ಬೆಲ್ಲ ಇದೆಯಾ?” ಅಂದ ಮಾವುತ. ಹುಲ್ಲಿನೊಳಗೆ ಭತ್ತ, ಬೆಲ್ಲ ಇಟ್ಟು ಸುತ್ತಿ ಕುಸುರೆ ಮಾಡಿ ಆನೆಗೆ ಕೊಡ್ತಾರೆ. ಹಾಗಾಗಿ ಆ ವಾಸನೆ ಮರಿಗೆ ಚೆನ್ನಾಗಿ ಗೊತ್ತು.

“ಬೆಲ್ಲವೂ ಇಲ್ಲ, ಎಂಥದೂ ಇಲ್ಲ” ಅಂತ ಮಾವ ಜೇಬಿನ ಮೇಲೆ ಕೈ ಒತ್ತಿ ಹಿಡಿದರು. ಒತ್ತಿದ್ದರಿಂದ ಬಟ್ಟೆ ಮೇಲೆ ಕಪ್ಪಗೆ ಜಿಡ್ಡು ಮೂಡಿತು. ಚಿಕ್ಕವನು ಓಡಿಬಂದು ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎತ್ತಿ ಹಿಡಿದು, ತುಂಗಾತೀರವೆಲ್ಲ ಕೇಳುವ ಹಾಗೆ ಕೂಗಿದ:

“ಅಜ್ಜನ ಜೇಬಲ್ಲಿ ಆನೆ ಲದ್ದಿ! ಅಜ್ಜ ಆನೆ ಲದ್ದಿ ತಿಂತಾರೆ!”

ನೀರಿನಲ್ಲಿದ್ದವರು, ದಡದಲ್ಲಿದ್ದವರು, ಸೆಲ್ಫಿ ತೆಗೆಯುತ್ತಿದ್ದವರು, ಎಲ್ಲ ತಿರುಗಿದರು. ಗುಂಪಿನಲ್ಲಿ ರಾತ್ರಿಯ ಮರಿಯಾನೆ ರೂಮಿನ ತಾಯಿಯೂ ಇದ್ದಳು. ಆಕೆ ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ನಾನು ಏನಾದರೂ ಹೇಳಬೇಕಿತ್ತು, ನಿಜ. ಆದರೆ ನಗು ತಡೆಯೋದೇ ದೊಡ್ಡ ಕೆಲಸವಾಗಿತ್ತು.

ಅತ್ತೆ ಬೆಂಚಿನಿಂದ ನಿಧಾನವಾಗಿ ಎದ್ದು ಬಂದರು. ಮೊಮ್ಮಗನ ಕೈಯಿಂದ ಉಂಡೆ ತಗೊಂಡು ಮೂಸಿ ನೋಡಿದರು. ಅವರ ಮೂಗಿನಲ್ಲಿ ಎಷ್ಟು ಜೀನ್‌ಗಳಿವೆಯೋ, ಒಂದೇ ಸಲಕ್ಕೆ ಎಳ್ಳು, ಬೆಲ್ಲ, ಏಲಕ್ಕಿ ಮೂರೂ ಗೊತ್ತಾಯಿತು. ಜೋರು ಮಾತೇನೂ ಆಡಲಿಲ್ಲ. “ರಾತ್ರಿ ದಾಹ ಅಂದ್ರಲ್ಲ” ಅಂದರು ಅಷ್ಟೇ. ಮಾವ ನದಿ ಕಡೆ ತಿರುಗಿ ಆನೆಗಳ ಅಧ್ಯಯನದಲ್ಲಿ ಮುಳುಗಿಹೋದರು.

ಗೆಸ್ಟ್‌ಹೌಸಿಗೆ ವಾಪಸ್ ಬಂದು ರೂಮು ಖಾಲಿ ಮಾಡುವಾಗ, ಅಂಬಾರಿ, ನಲ್ಲಿ, ಘೀಳು ಎಲ್ಲದರ ಬಗ್ಗೆ ದೂರು ಬರೆಯೋಕೆ ನಾನು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅತ್ತೆ ಕೌಂಟರಿಗೆ ಹೋಗಿ ನಿಂತರು. ರಿಸೆಪ್ಷನ್ನಿನ ಹುಡುಗ ಬೈಗುಳಕ್ಕೆ ತಯಾರಾಗಿ, “ಅದು ಥೀಮ್ ಮೇಡಂ” ಅಂತ ಶುರುಮಾಡಿಯೇಬಿಟ್ಟ.

“ಇರಲಿ ಬಿಡಪ್ಪಾ. ಆ ಪೋಂ ಅನ್ನೋದು ಎಲ್ಲಿ ಸಿಗುತ್ತೆ? ನಮ್ಮ ಅಡುಗೆಮನೆ ಬಾಗಿಲಿಗೆ ಒಂದು ಬೇಕಿತ್ತು.”

ಹುಡುಗನ ಮುಖ ಅರಳಿತು. “ಆನ್‌ಲೈನಲ್ಲಿ ಸಿಗುತ್ತೆ ಮೇಡಂ. ಹುಲೀದೂ ಇದೆ. ಅದು ಇನ್ನೂ ಜೋರು.”

“ಹಾಗಾದ್ರೆ ಹುಲೀದೇ ಇರಲಿ” ಅಂದರು ಅತ್ತೆ.