37 ಕುದುರೆ, ಒಂದು ಹಲಸಿನಹಣ್ಣು

ಕುಮಟಾದಿಂದ ಶಿರಸಿಗೆ ಹೊರಟ ಹಳೇ ಮಾರುತಿ 800 ದೇವಿಮನೆ ಘಟ್ಟದ ತಿರುವಿನಲ್ಲಿ ಏದುಸಿರು ಬಿಡುತ್ತಿರುವಾಗ ಹಿಂದಿನಿಂದ ಬಸ್ಸಿನವನು ಹೊಡೆಯುವ ಹಾರನ್ ಇದೆಯಲ್ಲ, ಅದು ಕಿವಿಗಿಂತ ಮೊದಲು ಮರ್ಯಾದೆಗೆ ತಾಗುತ್ತದೆ. ಎಡಕ್ಕೆ ಸರಿದು ಜಾಗ ಕೊಟ್ಟರೆ ಬಸ್ಸಿನ ಬಾಲಕ್ಕೆ ಅಡಿಕೆ ತುಂಬಿದ ಪಿಕಪ್ಪು, ಪಿಕಪ್ಪಿನ ಬಾಲಕ್ಕೆ ಮೂರು ಜನ ಕೂತ ಸ್ಕೂಟರು. ಆ ಸ್ಕೂಟರಿನ ನಡುವೆ ಸಿಕ್ಕಿಕೊಂಡ ಪೋರ ತಿರುಗಿ ನೋಡಿ ನಗುತ್ತಾನೆ ಮಾರಾಯ್ರೆ! ಗಾಡಿಗೆ ಪವರ್ ಹೆಚ್ಚು ಮಾಡಿಸುವ ಕಾಯಿಲೆ ಶುರುವಾಗುವುದು ಆ ನಗುವಿನಿಂದ.

ಕಾಯಿಲೆ ಬಂದದ್ದು ಗೊತ್ತಾದರೆ ಸಾಕು, ಚಾ ಅಂಗಡಿಯಲ್ಲಿ ವೈದ್ಯರ ಸಾಲೇ ಇದೆ. ದಪ್ಪ ಪೈಪಿನ ಸೈಲೆನ್ಸರ್ ಹಾಕು ಅನ್ನುವವನೊಬ್ಬ. ಹಾಕಿಸಿದರೆ ಹೆಚ್ಚಾಗುವುದು ಸದ್ದು, ಗಾಡಿ ಹಿಂದಿನಷ್ಟೇ ನಿಧಾನ, ಈಗ ಇಡೀ ಘಟ್ಟಕ್ಕೆ ಗೊತ್ತಾಗುವ ಹಾಗೆ. ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟು ಅನ್ನುವವನು ಇನ್ನೊಬ್ಬ. ಅದು ಫ್ರಿಜ್ ಬಾಗಿಲ ಮೇಲಿದ್ದರೆ ಕರೆಂಟ್ ಬಿಲ್ಲನ್ನಾದರೂ ಹಿಡಿದುಕೊಂಡೀತು. 13 ಇಂಚಿನ ಅಲಾಯ್ ಚಕ್ರ ಅನ್ನುವ ಹುಡುಗರಿಗಂತೂ ಕೈಮುಗಿಯಬೇಕು. 12 ಇಂಚಿನ ಗಾಡಿಗೆ ಸುತ್ತಳತೆ ಹೆಚ್ಚಿನ ಚಕ್ರ ಕೂರಿಸಿದರೆ ಎಲ್ಲ ಗೇರೂ ಎಳೆತ ಕಳೆದುಕೊಳ್ಳುತ್ತದೆ. ನಿನ್ನೆ ಎರಡನೇ ಗೇರಿನಲ್ಲಿ ಹತ್ತಿದ ಏರಿಗೆ ಇವತ್ತು ಒಂದನೇ ಗೇರು ಬೇಕು. ಮಾರುತಿ ಝೆನ್ ಕಾರಿನ 993 ಸಿಸಿ ಇಂಜಿನ್ ಕೂರಿಸುವ ಮಹಾತ್ಮರೂ ಇದ್ದಾರೆ. ಆರ್‌ಟಿಓ ಅನುಮತಿ ತೆಗೆದುಕೊಂಡು ಆರ್‌ಸಿಯಲ್ಲಿ ಬರೆಸದೆ ಹಾಗೆ ಮಾಡಿದರೆ ಇನ್ಶೂರೆನ್ಸಿನವರು ಕೈಯೆತ್ತುತ್ತಾರೆ. ಆ ದುಡ್ಡಿಗೆ ಬೇರೆ ಹಳೇ ಗಾಡಿಯೇ ಬಂದೀತು.

796 ಸಿಸಿ, ಮೂರು ಸಿಲಿಂಡರು, ಹೊಸದಿದ್ದಾಗ 37 ಕುದುರೆ, ಅಂದರೆ 37 ಹಾರ್ಸ್‌ಪವರ್. ಹೊಸ ಕುದುರೆ ಕೊಳ್ಳುವ ಮೊದಲು ಈ 37ರಲ್ಲಿ ಎಷ್ಟು ಇನ್ನೂ ಲಾಯದಲ್ಲಿವೆ ಅಂತ ಎಣಿಸಬೇಕು. ಎಣಿಸಲು ದುಡ್ಡು ಬೇಡ.

ಮೊದಲು ಕಾಲಡಿ ನೋಡಿ. ಮಳೆಗಾಲದಲ್ಲಿ ಕೆಸರಾಗುತ್ತದೆ ಅಂತ ರಬ್ಬರ್ ಮ್ಯಾಟು, ಅದರ ಮೇಲೆ ಗೋಣಿತಾಟು, ಅದರ ಮೇಲೆ ಹಳೇ ಪೇಪರು. ಎಕ್ಸಿಲರೇಟರ್ ಪೆಡಲ್ ಈ ಹಾಸಿಗೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಒತ್ತುವವನಿಗೆ ತಳಕ್ಕೆ ಒತ್ತಿದ ತೃಪ್ತಿ, ಇಂಜಿನ್ನಿಗೆ ಮುಕ್ಕಾಲು ಊಟ. ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಒಬ್ಬರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಇಣುಕಿ. ತಳದಲ್ಲಿರುವ ತಗಡಿನ ಬಿಲ್ಲೆ ನೆಟ್ಟಗೆ ನಿಲ್ಲಬೇಕು. ಓರೆಯಾಗಿದ್ದರೆ ಮ್ಯಾಟು ತೆಗೆಯಿರಿ, ನಟ್ಟು ತಿರುಗಿಸಿ ಕೇಬಲ್ಲಿನ ಸಡಿಲ ತೆಗೆಯಿರಿ. ಹಾಗೆಯೇ ಚೋಕ್ ಅರ್ಧ ಎಳೆದೇ ಉಳಿದಿದೆಯೋ ಅಂತಲೂ ನೋಡಿ. ಸೈಲೆನ್ಸರಿಗೆ ಸಾವಿರಗಟ್ಟಲೆ ಸುರಿದ ಮೇಲೆ ಗೋಣಿತಾಟು ಸಿಕ್ಕರೆ ಅದನ್ನು ಹೆಂಡತಿಗೆ ಹೇಳುವುದು ಬೇಡ.

ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬೇಡಿ, ಹೊಸದು ಹಾಕಿ. ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ ಸೂಜಿ, ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆ. ಗಾಳಿ ಊದಿದರೆ ಸಾಕು.

ಕಿಡಿಯ ಕಥೆ ಸ್ವಲ್ಪ ದೊಡ್ಡದು. ಮೂರು ಪ್ಲಗ್ಗಿನಲ್ಲಿ ಒಂದು ಮುಷ್ಕರ ಹೂಡಿದರೂ 12 ಕುದುರೆ ಹೋದ ಹಾಗೆ. ಗಾಡಿ ಸ್ಟಾರ್ಟಿನಲ್ಲಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ಕ್ಯಾಪ್ ಎಳೆದು ನೋಡಿ. ಎಳೆದಾಗ ಇಂಜಿನ್ ನಡುಗಿದರೆ ಆ ಸಿಲಿಂಡರು ಕೆಲಸದಲ್ಲಿದೆ. ಏನೂ ಆಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಇದು ಕಾರ್ಬ್ಯುರೇಟರ್ ಗಾಡಿಯ ಮಾತು, ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಗಾಡಿಗೆ ಬೇಡ. ಪ್ಲಗ್ಗಿನ ಗ್ಯಾಪು 0.7ರಿಂದ 0.8 ಮಿ.ಮೀ. ಇರಲಿ. ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ಕೆಲಸ: ಉಪ್ಪು ಗಾಳಿಗೆ ತಂತಿಯ ತುದಿಯಲ್ಲಿ ಹಸಿರು ಹುಡಿ ಕೂತಿರುತ್ತದೆ, ಉಜ್ಜಿ ತೆಗೆಯಿರಿ. ರಾತ್ರಿ ಗಾಡಿ ಸ್ಟಾರ್ಟಿನಲ್ಲಿಟ್ಟು ಲೈಟ್ ಆರಿಸಿ ಬಾನೆಟ್ ಎತ್ತಿದರೆ ಕರೆಂಟು ಸೋರುವ ತಂತಿಯ ಮೇಲೆ ನೀಲಿ ಕಿಡಿ ಮಿಂಚುಹುಳದ ಹಾಗೆ ಹರಿದಾಡುವುದು ಕಾಣುತ್ತದೆ. ಚೆಂದ ಇರುತ್ತದೆ, ಆದರೆ ಆ ಚೆಂದಕ್ಕೇ ಗಾಡಿ ಘಟ್ಟ ಹತ್ತುವುದಿಲ್ಲ.

ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದೇ ಇದೆ. ಹಿಂದಿನ ಚಕ್ರವಾದರೆ ಹೆಚ್ಚಾಗಿ ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲ್ಲಿನದೇ ಕೆಲಸ. ನಾಲ್ಕನೇ ಗೇರಿನಲ್ಲಿ ಒಮ್ಮೆಲೇ ಒತ್ತಿದಾಗ ಇಂಜಿನ್ ಕೂಗಿ, ಗಾಡಿ ಮಾತ್ರ ಆಲಸ್ಯ ಮಾಡಿದರೆ ಕ್ಲಚ್ ಪ್ಲೇಟು ಸವೆದಿದೆ. ಇಷ್ಟೆಲ್ಲ ಸರಿಯಿದ್ದೂ ಎಳೆಯದಿದ್ದರೆ ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಮೀಟರ್ ಹಾಕಿ ನೋಡಿಸಿ. ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟಾಗ ಮುಳ್ಳು ಏರಿದರೆ ರಿಂಗು ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವು. ಬಜೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಇಷ್ಟು ಮಾಡಿ 37 ಕುದುರೆಯನ್ನೂ ಹುಡುಕಿ ತಂದು ಲಾಯಕ್ಕೆ ಕಟ್ಟಿದ ಮೇಲೆ ಬರುತ್ತಾನೆ ಭಾವ.

ಭಾವ ಎಲ್ಲರ ಮನೆಯಲ್ಲೂ ಇದ್ದಾನೆ. ಕುಮಟಾದಲ್ಲಿ ಗಾಡಿ ಹೊರಡುವ ಹೊತ್ತಿಗೆ ಡಿಕ್ಕಿಯ ಹತ್ತಿರ ನಿಂತು, "ಜಾಗ ಇದ್ದಲಾ ತಮಾ" ಎನ್ನುತ್ತಾನೆ. ಎರಡು ಡಜನ್ ತೆಂಗಿನಕಾಯಿ ಹೋಗುತ್ತದೆ. ಅರ್ಧ ಚೀಲ ಅಕ್ಕಿ. "ಇದೊಂದು ಇರ್ಲಿ" ಅಂತ ಗಂಗೊಳ್ಳಿಯ ಮೀನಿನ ಪೆಟ್ಟಿಗೆಯಷ್ಟು ದೊಡ್ಡ ಹಲಸಿನಹಣ್ಣು. "ಒಂದ್ ಹಲಸಿನಹಣ್ಣು ಎಂತ ಭಾರ ಆಗ್ತು?" ಆಮೇಲೆ ಭಾವನೂ ಕೂರುತ್ತಾನೆ. ಅವನ ಹಿಂದೆ ಅಕ್ಕ, ಎರಡು ಮಕ್ಕಳು.

ಲೆಕ್ಕ ಹಾಕೋಣ. ಗಾಡಿಯ ತೂಕ ಸುಮಾರು 650 ಕಿಲೋ. ಓಡಿಸುವವನೊಬ್ಬನೇ ಕೂತರೆ 720. ಕುದುರೆಗೆ ತಲಾ 19 ಕಿಲೋ ಚಿಲ್ಲರೆ. ಭಾವನ ಸಂಸಾರ, ಸಾಮಾನು ಎಲ್ಲ ಸೇರಿ 1050 ಕಿಲೋ ಆಯಿತು ಅಂದುಕೊಂಡರೆ ತಲಾ 28 ಕಿಲೋ. ಮೊದಲಿನ ಓಟವೇ ಬೇಕಾದರೆ 54 ಕುದುರೆಯ ಇಂಜಿನ್ ಬೇಕು! ಅದೇ 100 ಕಿಲೋ ಸಾಮಾನು ಇಳಿಸಿದರೆ ನಾಲ್ಕು ಕುದುರೆ ಪುಕ್ಕಟೆ ಸಿಕ್ಕಿದ ಹಾಗೆ. ಯಾವ ಸೈಲೆನ್ಸರೂ ನಾಲ್ಕು ಕುದುರೆ ಕೊಡುವುದಿಲ್ಲ.

ಇದನ್ನು ಭಾವನಿಗೆ ಹೇಳಲಾಗುವುದಿಲ್ಲ. ಹೇಳಿದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು. ಆದ್ದರಿಂದ ಏಸಿ ಆಫ್ ಮಾಡಿ, ಎರಡನೇ ಗೇರಿಗೆ ಇಳಿಸಿ, ಇಂಜಿನ್ನನ್ನು ಕೂಗಲು ಬಿಡಬೇಕು. ಎಳೆತ ಹೆಚ್ಚಿರುವುದು ಇಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವ ಆಸುಪಾಸು, 37 ಕುದುರೆಯೂ ಕೂಡುವುದು 5000ಕ್ಕೆ. ಸದ್ದಿಗೆ ಹೆದರಿ ಮೂರನೇ ಗೇರಿನಲ್ಲೇ ಗೊಣಗಿಸಿದರೆ ಅರ್ಧ ಕುದುರೆಗಳು ಮಲಗಿಯೇ ಇರುತ್ತವೆ.

ಇವೆಲ್ಲ ಓಡುವ ಗಾಡಿಗಳ ಮಾತಾಯಿತು. ಈ ಗಾಡಿಯ ತಯಾರಿ 2014ರಲ್ಲಿ ನಿಂತಿತು. ಈಗ ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಒಂದು 800 ಅಡಿಕೆ ಅಟ್ಟದ ಕೆಳಗೆ ತಾಡಪಾಲು ಹೊದ್ದು ನಿಂತಿರುತ್ತದೆ. ಓಡಿಸುವ ಹುಡುಗರು ಬೆಂಗಳೂರಿನಲ್ಲಿ. ಅಪ್ಪ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಮತ್ತೆ ಹೊದಿಸುತ್ತಾನೆ. ಹೋಗುವುದು ಎಲ್ಲಿಗೂ ಇಲ್ಲ, ಬ್ಯಾಟರಿ ಇಳಿಯಬಾರದಲ್ಲ. ಐದು ನಿಮಿಷಕ್ಕೆ ಬ್ಯಾಟರಿ ಚಾರ್ಜೂ ಆಗುವುದಿಲ್ಲ, ಅದು ಬೇರೆ ಮಾತು.

ಭಾವನ ಸಂಸಾರ ಹೊತ್ತ ಗಾಡಿ ಹೇಗೋ ದೇವಿಮನೆಯ ಗುಡಿ ಮುಟ್ಟುತ್ತದೆ. ಇಳಿದು ಕೈಮುಗಿದು, ಬಿಸಿ ಬಾನೆಟ್ ಮೇಲೆ ಕೈಯಿಟ್ಟು ಭಾವ ಹೇಳುತ್ತಾನೆ: "ಗಾಡಿ ಎಂತಕ್ಕೋ ಎಳಿತಿಲ್ಲೆ ತಮಾ, ಒಂದ್ಸಲ ಗ್ಯಾರೇಜಿಗೆ ತೋರ್ಸು."